ಗಾಲ್ಫ್ ಚೀಲ ಮಗಳ ಹೆಗಲ ಮೇಲೇ ಇರಲಿ

ಅಮೆರಿಕದ ಕಾಲೇಜು ತಂಡದಲ್ಲಿ ಮಗಳೋ ಮಗನೋ ಗಾಲ್ಫ್ ಆಡಬೇಕೆಂದು ಆಸೆಪಡುವ ನಮ್ಮ ಅಪ್ಪ ಅಮ್ಮಂದಿರು ಮೊದಲು ಚೀಲ ಹೊರುವ ಕ್ಯಾಡಿಯನ್ನು ಬಿಡಿಸಬೇಕು. ಆಮೇಲೆ ತಾವೇ ಕ್ಯಾಡಿಯಾಗುವ ಚಟ ಬಿಡಬೇಕು. ಹೊಸ ಡ್ರೈವರ್, ದುಬಾರಿ ಅಕಾಡೆಮಿ, ಸ್ವಿಂಗ್ ಅಳೆಯುವ ಯಂತ್ರ ಎಲ್ಲ ಅದರ ನಂತರದ ಮಾತು.

ನಾನು ನಾರ್ತ್ ಕ್ಯಾರೊಲೈನಾದ ರಾಲಿ ನಗರದ ಹತ್ತಿರ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇಲ್ಲಿ ಶಾಲೆಯ ಆಟದ ತಂಡಗಳನ್ನು ನೋಡಿಕೊಳ್ಳುವವರು ಬಹಳ ಕಡೆ ಪಾಠ ಮಾಡುವ ಮೇಷ್ಟ್ರುಗಳೇ. ಹಾಗೆ ಹುಡುಗಿಯರ ಗಾಲ್ಫ್ ತಂಡ ನನ್ನ ಪಾಲಿಗೆ ಬಂತು. ಆಟ ಕಲಿತದ್ದು ಮೈಸೂರಿನಲ್ಲಿ, ಚಾಮುಂಡಿ ಬೆಟ್ಟ ಕಾಣುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ, ಚಿಕ್ಕಪ್ಪನ ಹಿಂದೆ ಹಿಂದೆ ನಡೆದು. ಈ ಎರಡು ಊರಿನ ನಂಟು ಗೊತ್ತಿರುವವರು ಬೆಂಗಳೂರಿನಿಂದಲೂ ಮೈಸೂರಿನಿಂದಲೂ ಫೋನ್ ಮಾಡುತ್ತಾರೆ. ಬಹುತೇಕರ ಮೊದಲ ಪ್ರಶ್ನೆ: "ಮೇಡಂ, ಫುಲ್ ಸ್ಕಾಲರ್‌ಶಿಪ್ ಸಿಗುತ್ತಾ?" ನನ್ನ ಮರುಪ್ರಶ್ನೆಯೂ ಒಂದೇ: "ಮಗು ಚೀಲ ಹೊತ್ತುಕೊಂಡು ಒಂದೇ ದಿನ ಮೂವತ್ತಾರು ಹೋಲ್ ಆಡಿದ್ದುಂಟಾ?" ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರವೇ ಬರುವುದಿಲ್ಲ.

ನಮ್ಮ ಕ್ಲಬ್ಬುಗಳಲ್ಲಿ ಆಟಗಾರನ ಜೊತೆ ಕ್ಯಾಡಿ ಇರುವುದು ರೂಢಿ. ಚೀಲ ಅವನ ಹೆಗಲ ಮೇಲೆ, ದೂರದ ಲೆಕ್ಕ ಅವನ ತಲೆಯಲ್ಲಿ, ಪಟ್ ಯಾವ ಕಡೆ ತಿರುಗುತ್ತದೆ ಎನ್ನುವುದು ಅವನ ಕಣ್ಣಿನಲ್ಲಿ. ಬಂಕರಿನ ಮರಳು ಸರಿಮಾಡುವವನೂ ಅವನೇ, ಪೊದೆಯಲ್ಲಿ ಚೆಂಡು ಹುಡುಕುವವನೂ ಅವನೇ. ಹತ್ತಿಪ್ಪತ್ತು ವರ್ಷ ಅದೇ ಹುಲ್ಲಿನ ಮೇಲೆ ನಡೆದ ಮನುಷ್ಯ "ಬಲಕ್ಕೆ ಎರಡು ಬೆರಳು ಬಿಟ್ಟು ಹೊಡಿ ಮಗ" ಎಂದರೆ ಅದು ತಪ್ಪುವುದು ಅಪರೂಪ. ಹೀಗೆ ಹದಿನಾರು ವರ್ಷದ ಹುಡುಗ ಎಪ್ಪತ್ತಮೂರು ಹೊಡೆದು ಬರುತ್ತಾನೆ. ಆ ಎಪ್ಪತ್ತಮೂರರಲ್ಲಿ ಅವನ ಪಾಲೆಷ್ಟು, ಕ್ಯಾಡಿಯ ಪಾಲೆಷ್ಟು ಎಂದು ಯಾರೂ ಬಿಡಿಸಿ ನೋಡುವುದಿಲ್ಲ.

ಆದರೆ ಇಲ್ಲಿ, ಅಮೆರಿಕದಲ್ಲಿ, ದೊಡ್ಡ ಜೂನಿಯರ್ ಗಾಲ್ಫ್ ಸಂಸ್ಥೆ ಎಜೆಜಿಎ ನಡೆಸುವ ಟೂರ್ನಿಗಳಲ್ಲಿ ಮಕ್ಕಳಿಗೆ ಕ್ಯಾಡಿ ಇರುವುದಿಲ್ಲ. ಅಪ್ಪ ಅಮ್ಮ ದೂರದಲ್ಲೇ ನಡೆಯಬೇಕು, ಯಾವ ಕ್ಲಬ್ ತೆಗೆಯಬೇಕೆಂದು ಸನ್ನೆ ಮಾಡಿದರೂ ಪೆನಾಲ್ಟಿ ಮಗುವಿಗೆ. ಬೆಂಗಳೂರಿನಿಂದ ಬಂದ ಒಬ್ಬ ಹುಡುಗಿ ಇಂಥದೊಂದು ಟೂರ್ನಿಯಲ್ಲಿ ಆಡುವುದನ್ನು ಬಿಡುವಿನ ದಿನವೊಂದರಲ್ಲಿ ನೋಡಲು ಹೋಗಿದ್ದೆ. ಅವಳಂಥ ಸ್ವಿಂಗ್ ನಮ್ಮ ಶಾಲೆಯ ಯಾವ ಹುಡುಗಿಗೂ ಇಲ್ಲ, ಅಷ್ಟು ಚಂದ. ಆದರೆ ಒಂದೊಂದು ಗ್ರೀನಿನ ಮೇಲೂ ಪಟ್‌ನ ಹಿಂದೆ ಕೂತು, ಎದ್ದು, ಮತ್ತೆ ಕೂತು, ಕೊನೆಗೆ ಮರದ ಕೆಳಗೆ ನಿಂತ ಅಪ್ಪನ ಕಡೆ ನೋಡುತ್ತಿದ್ದಳು. ಅಪ್ಪ ಪಾಪ ಮುಖ ತಿರುಗಿಸಿಕೊಂಡು ಫೋನ್ ನೋಡುವ ನಾಟಕ ಮಾಡುತ್ತಿದ್ದರು. ಅವತ್ತಿನ ಮೂರು-ಪಟ್‌ಗಳಿಗೆ ಅವಳ ಕೈ ಕಾರಣವಲ್ಲ.

ಕಾಲೇಜಿನ ಟೂರ್ನಿ ಹೇಗಿರುತ್ತದೆಂದು ಮೊದಲು ತಿಳಿದುಕೊಳ್ಳಬೇಕು. ಸಾಮಾನ್ಯವಾಗಿ ಐದು ಜನ ಆಡುತ್ತಾರೆ, ಪ್ರತಿ ಸುತ್ತಿನಲ್ಲಿ ನಾಲ್ಕು ಒಳ್ಳೆಯ ಸ್ಕೋರು ತಂಡಕ್ಕೆ ಸೇರುತ್ತವೆ. ಭಾನುವಾರ ಅಭ್ಯಾಸದ ಸುತ್ತು, ಸೋಮವಾರ ಬೆಳಗಿನಿಂದ ಸಂಜೆವರೆಗೆ ಮೂವತ್ತಾರು ಹೋಲ್, ಮಂಗಳವಾರ ಹದಿನೆಂಟು, ರಾತ್ರಿ ವ್ಯಾನಿನಲ್ಲೋ ವಿಮಾನದಲ್ಲೋ ವಾಪಸ್, ಬುಧವಾರ ಬೆಳಿಗ್ಗೆ ಎಂಟಕ್ಕೆ ಕೆಮಿಸ್ಟ್ರಿ ಪರೀಕ್ಷೆ. ಮೂವತ್ತಾರು ಹೋಲ್ ಎಂದರೆ ಹದಿನಾರರಿಂದ ಇಪ್ಪತ್ತು ಕಿಲೋಮೀಟರ್ ನಡಿಗೆ. ಚೀಲ ಸ್ವಂತ ಹೆಗಲ ಮೇಲೆ ಅಥವಾ ತಳ್ಳುವ ಗಾಡಿಯಲ್ಲಿ. ಕೋಚ್ ನಡುವೆ ಬಂದು ಸಲಹೆ ಕೊಡಬಹುದು, ಆದರೆ ಅವರು ಐದು ಮಕ್ಕಳನ್ನು ನೋಡಿಕೊಳ್ಳಬೇಕು. ಮೂವತ್ತೊಂದನೆಯ ಹೋಲಿನಲ್ಲಿ, ಕಾಲು ಸೋತು ಹೊಟ್ಟೆ ಹಸಿದಾಗ, ಆರನೇ ಐರನ್ನೋ ಏಳನೆಯದೋ ಎಂದು ತೀರ್ಮಾನಿಸುವವರು ಮತ್ತ್ಯಾರೂ ಇಲ್ಲ. (ಹಸಿವಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಸಸ್ಯಾಹಾರಿ ಮಕ್ಕಳು ಚೀಲದಲ್ಲಿ ಶೇಂಗಾ, ಖರ್ಜೂರ, ಚಪಾತಿ ರೋಲ್ ಇಟ್ಟುಕೊಳ್ಳುವುದನ್ನು ಊರಲ್ಲೇ ಕಲಿಯಲಿ. ತಂಡದ ವ್ಯಾನು ನಿಲ್ಲುವುದು ಬರ್ಗರ್ ಅಂಗಡಿಯ ಮುಂದೆ.)

ಇನ್ನೊಂದು ಸಂಗತಿ ಪೋಷಕರಿಗೆ ಹೊಳೆಯುವುದೇ ಇಲ್ಲ. ಒಂಬತ್ತು ಜನರ ತಂಡದಲ್ಲಿ ಐದು ಜನ ಪ್ರಯಾಣ ಮಾಡಿದರೆ ನಾಲ್ಕು ಜನ ಹಾಸ್ಟೆಲಿನಲ್ಲಿ ಉಳಿಯುತ್ತಾರೆ. ಯಾರು ಹೋಗಬೇಕೆಂಬುದು ಎಷ್ಟೋ ತಂಡಗಳಲ್ಲಿ ಒಳಗೊಳಗೇ ಆಡುವ ಆಯ್ಕೆ ಸುತ್ತುಗಳಿಂದ ತೀರ್ಮಾನವಾಗುತ್ತದೆ. ರಾಜ್ಯ ಮಟ್ಟದಲ್ಲಿ ಕಪ್ ಗೆದ್ದು ಬಂದ ಹುಡುಗ ಮೊದಲ ಸೆಮಿಸ್ಟರ್ ಪೂರ್ತಿ ಹಾಸ್ಟೆಲಿನಲ್ಲೇ ಕೂರಬೇಕಾಗಬಹುದು. ಊರಿನಲ್ಲಿ ಸೋತಾಗ ಕೋಚ್ ಬದಲಾಯಿಸಿ, ಪಟರ್ ಬದಲಾಯಿಸಿ, ಮೈದಾನದ ಮೇಲೆ ತಪ್ಪು ಹೊರಿಸಿ ಸಮಾಧಾನ ಮಾಡಿದ ಮಗುವಿಗೆ ಈ ನಾಲ್ಕು ತಿಂಗಳು ನರಕ. ಗಾಲ್ಫ್ ಬಿಟ್ಟು ಊರಿಗೆ ಮರಳಿದವರ ಕಥೆ ಕೇಳಿದ್ದೇನೆ. ಅವರಿಗೆ ಆಟ ಬರುತ್ತಿರಲಿಲ್ಲ ಎನ್ನುವಂತಿಲ್ಲ.

ಚೆಂಡಿನ ದೂರದ ವಿಷಯವೂ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ತೆಳುವಾದ ಗಾಳಿಯಲ್ಲಿ ಚೆಂಡು ಒಂದಿಷ್ಟು ಹೆಚ್ಚು ದೂರ ಹಾರುತ್ತದೆ. ಕ್ಯಾರೊಲೈನಾದ ತಗ್ಗು ನೆಲದಲ್ಲಿ, ಫೆಬ್ರುವರಿಯ ಚಳಿಯಲ್ಲಿ, ಅದೇ ಏಳನೇ ಐರನ್ ಗ್ರೀನಿನ ಮುಂದಿನ ಬಂಕರಿಗೇ ಬೀಳುತ್ತದೆ. ಕಾಲೇಜಿನ ವಸಂತ ಋತುವಿನ ಟೂರ್ನಿಗಳು ಶುರುವಾಗುವುದೇ ಫೆಬ್ರುವರಿಯಲ್ಲಿ. ಬೆರಳು ಮರಗಟ್ಟಿದಾಗ, ಮಳೆ ಹನಿಯುವಾಗ ಆಡಿ ಅಭ್ಯಾಸವಿಲ್ಲದ ನಮ್ಮ ಮಕ್ಕಳಿಗೆ ಇದು ದೊಡ್ಡ ಆಘಾತ. ಮಳೆಗಾಲದಲ್ಲಿ ಕ್ಲಬ್ಬಿನ ವರಾಂಡದಲ್ಲಿ ಕೂತು ಬೋಂಡ ತಿನ್ನುವ ಬದಲು, ಗುಡುಗು ಸಿಡಿಲಿಲ್ಲದಿದ್ದರೆ, ಒಂಬತ್ತು ಹೋಲ್ ಆಡಿ ಬರಲಿ.

ದುಡ್ಡಿನ ಮಾತಿಗೆ ಬರೋಣ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಮೊದಲನೇ ಡಿವಿಷನ್‌ನಲ್ಲಿ ಹಲವು ವರ್ಷ ಹುಡುಗರ ಗಾಲ್ಫ್ ತಂಡಕ್ಕೆ ನಾಲ್ಕೂವರೆ ಸ್ಕಾಲರ್‌ಶಿಪ್, ಹುಡುಗಿಯರ ತಂಡಕ್ಕೆ ಆರು ಎಂಬ ಮಿತಿ ಇತ್ತು. ನಾಲ್ಕೂವರೆಯನ್ನು ಒಂಬತ್ತು ಹುಡುಗರಿಗೆ ಹಂಚಿದರೆ ಒಬ್ಬನಿಗೆ ಅರ್ಧ. ಆ ಅರ್ಧವೂ ಎಲ್ಲರಿಗೂ ಸಮನಾಗಿ ಬರುತ್ತಿರಲಿಲ್ಲ. 2025ರ ಜೂನ್‌ನಲ್ಲಿ ಆಟಗಾರರು ಹೂಡಿದ ಮೊಕದ್ದಮೆಯಲ್ಲಿ ಇಲ್ಲಿನ ನ್ಯಾಯಾಲಯ ಒಪ್ಪಿಗೆ ಕೊಟ್ಟ ರಾಜಿಯ ನಂತರ, ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಸ್ಕಾಲರ್‌ಶಿಪ್‌ನ ಮಿತಿ ಹೋಗಿ ಆಟಗಾರರ ಸಂಖ್ಯೆಗೆ ಮಿತಿ ಬಂದಿದೆ. ಗಾಲ್ಫಿಗೆ ಒಂಬತ್ತೇ ಜನ. ಇದನ್ನು ಕೇಳಿದ ಕೂಡಲೇ ಒಬ್ಬರು ಫೋನ್ ಮಾಡಿ "ಹಾಗಾದ್ರೆ ಈಗ ಎಲ್ಲರಿಗೂ ಫುಲ್ ಕೊಡ್ತಾರಲ್ವಾ" ಎಂದರು. ಕೊಡಬಹುದು ಅಷ್ಟೆ, ಕೊಡಬೇಕೆಂದಿಲ್ಲ. ಫುಟ್‌ಬಾಲಿಗೂ ಬ್ಯಾಸ್ಕೆಟ್‌ಬಾಲಿಗೂ ಸುರಿದ ಮೇಲೆ ಗಾಲ್ಫ್ ಕೋಚಿನ ಕೈಗೆ ಎಷ್ಟು ಬರುತ್ತದೋ ಅಷ್ಟರಲ್ಲೇ ಅವರು ಸಂಸಾರ ತೂಗಿಸಬೇಕು. ಜೊತೆಗೆ, ಬೇರೆ ಕಾಲೇಜಿನಲ್ಲಿ ಎರಡು ಮೂರು ವರ್ಷ ಆಡಿ ಪಳಗಿದವರು ವರ್ಗಾವಣೆಯಾಗಿ ಬರುವುದು ಈಗ ಸುಲಭ. ಹೊಸಬರಿಗೆ ಜಾಗ ಕಡಿಮೆಯಾಗಿದೆ.

ಗಣಿತದ ಟೀಚರ್ ಎಂದು ಹೀಗೆ ಹೇಳುತ್ತಿದ್ದೇನೆ ಅಂದುಕೊಂಡರೂ ಸರಿ: ಚೀಲದ ಹದಿನಾಲ್ಕು ಕ್ಲಬ್ಬುಗಳಿಗಿಂತ ಅಂಕಪಟ್ಟಿಗೆ ಹೆಚ್ಚು ದುಡ್ಡು ತರುವ ಶಕ್ತಿ ಇದೆ. ಮೂರನೇ ಡಿವಿಷನ್‌ನ ಕಾಲೇಜುಗಳು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್ ಕೂಡ ಕೊಡುವುದಿಲ್ಲ. ಮೂರನೇ ಡಿವಿಷನ್‌ನಲ್ಲಿ ಸಿಗುವ ನೆರವು ಓದಿನ ಅಥವಾ ಮನೆಯ ಆದಾಯದ ಮೇಲೆ, ಐವಿ ಲೀಗ್‌ನಲ್ಲಿ ಆದಾಯದ ಮೇಲೆ ಮಾತ್ರ. ಓದಿನ ಲೆಕ್ಕದಲ್ಲಿ ದುಡ್ಡು ತರಬಲ್ಲ ಹುಡುಗಿಯನ್ನು ಯಾವ ಕೋಚ್ ಬೇಡವೆಂದಾರು? ಅವರ ಬಜೆಟ್ ಉಳಿಯಿತಲ್ಲ. ಮೊದಲನೇ ಡಿವಿಷನ್‌ನಲ್ಲಿ ಆಡುವ ಅರ್ಹತೆಗೆ ಒಂಬತ್ತನೇ ತರಗತಿಯಿಂದ ಹನ್ನೆರಡನೆಯದರವರೆಗೆ ಹದಿನಾರು ಕೋರ್ ವಿಷಯಗಳು ಬೇಕು: ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಇತ್ಯಾದಿ. ಅವುಗಳ ಸರಾಸರಿ ನಾಲ್ಕಕ್ಕೆ ಕನಿಷ್ಠ 2.3 ಇರಬೇಕು. ನಮ್ಮವರು ಪಿಯುಸಿಯಲ್ಲಿ ಎಚ್ಚರಗೊಳ್ಳುತ್ತಾರೆ. ಅಷ್ಟರಲ್ಲಿ ಅರ್ಧ ಲೆಕ್ಕ ಮುಗಿದಿರುತ್ತದೆ. ಟೂರ್ನಿಗೆಂದು ಎಂಟು, ಒಂಬತ್ತನೇ ತರಗತಿಯಲ್ಲೇ ಶಾಲೆಗೆ ಚಕ್ಕರ್ ಹೊಡೆಸುವ ಮನೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಕೋಚ್‌ಗೆ ಪತ್ರ ಬರೆಯುವುದರಲ್ಲೂ ಅಪ್ಪಂದಿರ ಕೈ ಬೇಗ ಸಿಕ್ಕಿಬೀಳುತ್ತದೆ. "ಮೈ ಸನ್ ಈಸ್ ಎ ವೆರಿ ಹಾರ್ಡ್ ವರ್ಕಿಂಗ್ ಬಾಯ್" ಎಂದು ಶುರುವಾಗುವ ಇಮೇಲ್‌ಗಳನ್ನು ಓದಿ ಓದಿ ಸುಸ್ತಾಗಿದೆ ಎಂದು ನನಗೆ ಪರಿಚಯದ ಕೋಚ್ ಒಬ್ಬರು ನಗುತ್ತ ಹೇಳಿದ್ದರು. ಹುಡುಗ ತಾನೇ ಬರೆಯಲಿ, ಇಂಗ್ಲಿಷ್ ಸ್ವಲ್ಪ ತಪ್ಪಿದರೂ ಪರವಾಗಿಲ್ಲ. ಯಾವ ಟೂರ್ನಿ, ಮೈದಾನ ಎಷ್ಟು ಯಾರ್ಡ್, ಎಷ್ಟು ಸುತ್ತು, ಎಷ್ಟು ಸ್ಕೋರು, ಗೆದ್ದವರು ಎಷ್ಟು ಹೊಡೆದರು, ಇಷ್ಟು ಸಾಕು. ಎದುರಿನಿಂದ ಮತ್ತು ಹಿಂದಿನಿಂದ ತೆಗೆದ ಎರಡು ನಿಮಿಷದ ವಿಡಿಯೊ ಇರಲಿ, ಹಿನ್ನೆಲೆ ಸಂಗೀತ ಬೇಡ. ಕೆಟ್ಟ ಸುತ್ತನ್ನು ಬಚ್ಚಿಡುವುದೂ ಬೇಡ. ಎಂಬತ್ತೆರಡು ಹೊಡೆದು ಮರುದಿನ ಎಪ್ಪತ್ತನಾಲ್ಕು ಹೊಡೆದವನ ಮೇಲೆ ಕೋಚ್‌ಗೆ ಕುತೂಹಲ ಹುಟ್ಟುತ್ತದೆ. ಮೊದಲನೇ ಡಿವಿಷನ್‌ನ ಕೋಚ್‌ಗಳು ಹತ್ತನೇ ತರಗತಿ ಮುಗಿದ ಜೂನ್ 15ರವರೆಗೆ ಆಟಗಾರರಿಗೆ ಸೇರಿಸಿಕೊಳ್ಳುವ ವಿಷಯದಲ್ಲಿ ಉತ್ತರ ಬರೆಯುವಂತಿಲ್ಲ. ಈ ನಿಯಮ ತಿಳಿಯದೆ, ಉತ್ತರ ಬರಲಿಲ್ಲವೆಂದು ಕೊರಗಿ ಏಜೆಂಟರಿಗೆ ಲಕ್ಷಗಟ್ಟಲೆ ಕಟ್ಟಿದವರಿದ್ದಾರೆ. ಅರ್ಜಿ, ವೀಸಾ, ದಾಖಲೆಗಳಲ್ಲಿ ಸಹಾಯ ಬೇಕಾದರೆ ದುಡ್ಡು ಕೊಟ್ಟು ಪಡೆಯಿರಿ, ತಪ್ಪಿಲ್ಲ. ಸೀಟು ಗ್ಯಾರಂಟಿ ಎಂದವರಿಗೆ ಮಾತ್ರ ಒಂದು ರೂಪಾಯಿಯೂ ಬೇಡ.

ಇಷ್ಟೆಲ್ಲ ಕಷ್ಟವಿದ್ದರೆ ಯಾಕೆ ಹೋಗಬೇಕು? ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಅದಿತಿ ಅಶೋಕ್ 2016ರಲ್ಲಿ, ಹದಿನೆಂಟು ತುಂಬುವ ಮೊದಲೇ ವೃತ್ತಿಪರಳಾದಳು. ಅದೇ ವರ್ಷ ರಿಯೊ ಒಲಿಂಪಿಕ್ಸ್ ಆಡಿದಳು. ಟೋಕಿಯೊದಲ್ಲಿ ಅಮ್ಮನೇ ಕ್ಯಾಡಿಯಾಗಿದ್ದರು, ನಾಲ್ಕನೇ ಸ್ಥಾನ ಬಂತು. ನಮ್ಮ ಮೈಸೂರಿನ ಪ್ರಣವಿ ಅರಸ್ ಕೂಡ ಅಮೆರಿಕದ ಕಾಲೇಜಿನ ಹಾದಿ ಹಿಡಿಯದೆ ಯುರೋಪಿನ ಟೂರ್‌ವರೆಗೆ ಹೋದವಳು. ಅಂಥ ಆಟ ಇರುವವರಿಗೆ ನನ್ನ ಸಲಹೆ ಬೇಕಿಲ್ಲ. ಅಮ್ಮ ಕ್ಯಾಡಿಯಾದರೂ ಅಲ್ಲಿ ಅಡ್ಡಿಯಿಲ್ಲ. ನಾನು ಹೇಳುತ್ತಿರುವುದು ಎಪ್ಪತ್ತೈದು ಹೊಡೆಯುವ, ಆಟವನ್ನು ಪ್ರೀತಿಸುವ, ಆದರೆ ಅದರಿಂದಲೇ ಹೊಟ್ಟೆ ಹೊರೆಯುವುದು ಅನುಮಾನವಿರುವ ಮಕ್ಕಳ ಬಗ್ಗೆ. ಅವರಿಗೆ ಕಾಲೇಜು ಗಾಲ್ಫ್ ಬಹಳ ಒಳ್ಳೆಯ ಜಾಗ. ಪದವಿಯೂ ಸಿಗುತ್ತದೆ, ನಾಲ್ಕು ವರ್ಷ ಆಟವೂ ಉಳಿಯುತ್ತದೆ. ದೊಡ್ಡ ಹೆಸರಿನ ಕಾಲೇಜೇ ಬೇಕೆಂಬ ಹಟವೂ ಬೇಡ. ಚಂಡೀಗಢದ ಜೀವ್ ಮಿಲ್ಖಾ ಸಿಂಗ್ ಆಡಿದ್ದು ಟೆಕ್ಸಸ್‌ನ ಅಬಿಲೀನ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಪರವಾಗಿ. 1993ರಲ್ಲಿ ಅವರು ಗೆದ್ದದ್ದು ಎರಡನೇ ಡಿವಿಷನ್‌ನ ಪ್ರಶಸ್ತಿ.

ನಮ್ಮ ಕ್ಲಬ್ಬುಗಳಿಗೆ ಒಂದು ಕೋರಿಕೆ ಇದೆ. ಬೆಂಗಳೂರು, ಮೈಸೂರು, ಮಡಿಕೇರಿ, ಚಿಕ್ಕಮಗಳೂರಿನ ಕ್ಲಬ್ಬುಗಳು ಸೇರಿ ವರ್ಷಕ್ಕೆ ನಾಲ್ಕಾರು ಜೂನಿಯರ್ ಟೂರ್ನಿಗಳನ್ನು ಕ್ಯಾಡಿ ಇಲ್ಲದೆ ನಡೆಸಲಿ. ಅದರಲ್ಲಿ ಒಂದಾದರೂ ಒಂದೇ ದಿನದ ಮೂವತ್ತಾರು ಹೋಲ್ ಇರಲಿ. ಇದಕ್ಕೆ ಕೂಡಲೇ ಬರುವ ಆಕ್ಷೇಪ ನನಗೆ ಗೊತ್ತು: ಕ್ಯಾಡಿಗಳ ಅಂದಿನ ದುಡಿಮೆಯ ಗತಿಯೇನು? ಅದು ಸಣ್ಣ ಮಾತಲ್ಲ, ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದ. ಅವತ್ತು ಅವರನ್ನು ಸ್ಕೋರು ಬರೆಯುವವರಾಗಿ, ಚೆಂಡು ಬಿದ್ದ ಜಾಗ ಗುರುತಿಸುವವರಾಗಿ ನೇಮಿಸಿ, ಅಷ್ಟೇ ಕೂಲಿ ಕೊಡಿ. ಆ ಹಣವನ್ನು ಪ್ರವೇಶ ಶುಲ್ಕಕ್ಕೆ ಸೇರಿಸಿ. ಒಂದು ಹೊಸ ಡ್ರೈವರ್ ಕೊಳ್ಳಲು ಐವತ್ತು ಸಾವಿರ ಕೊಡುವ ಮನೆಯವರು ಇದನ್ನು ಕೊಡಲಾರರೇ? ಅಪ್ಪ ಅಮ್ಮಂದಿರನ್ನು ಒಂಬತ್ತನೇ ಹೋಲ್‌ವರೆಗೂ ಮೈದಾನಕ್ಕೆ ಬಿಡಬೇಡಿ. ಕ್ಲಬ್‌ಹೌಸಿನಲ್ಲಿ ಕಾಫಿ ಕೊಟ್ಟು ಕೂರಿಸಿ.