ಬೆನ್ನು ಕೇಳುವ ಬಿಡುವು

ಗಾಯಗೊಂಡ ಆಟಗಾರ ಮತ್ತೆ ಅಂಗಳಕ್ಕಿಳಿದ ದಿನ ಎಲ್ಲರೂ ಶಸ್ತ್ರವೈದ್ಯರನ್ನು ಹೊಗಳುತ್ತಾರೆ. ಬೆನ್ನಿನ ಮಟ್ಟಿಗೆ ಐವತ್ತು ವರ್ಷಗಳ ಲೆಕ್ಕ ತೆಗೆದು ನೋಡಿದರೆ ಆ ಹೊಗಳಿಕೆಯ ಅರ್ಧ ಪಾಲಾದರೂ ಬೇರೆಡೆ ಸಲ್ಲಬೇಕು. ಜಿಮ್ಮಿನಲ್ಲಿ, ಈಜುಕೊಳದಲ್ಲಿ, ಫಿಸಿಯೋ ಮೇಜಿನ ಮೇಲೆ ಆಟಗಾರ ಕಳೆದ, ಯಾರೂ ಟಿಕೆಟ್ ಕೊಂಡು ನೋಡದ ತಿಂಗಳುಗಳಿಗೆ.

1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಆಸ್ಟ್ರೇಲಿಯದ ವೇಗದ ಬೌಲರ್ ಡೆನಿಸ್ ಲಿಲ್ಲಿಯ ಬೆನ್ನುಮೂಳೆ ಬಿರುಕುಬಿಟ್ಟಾಗ ಎಂಆರ್‌ಐ ಇರಲಿಲ್ಲ. ಮುಂಡಕ್ಕೆ ಪ್ಲಾಸ್ಟರ್ ಹಾಕಿ ವಾರಗಟ್ಟಲೆ ಕಟ್ಟಿಟ್ಟರು. ಆತನ ಆಟ ಮುಗಿಯಿತೆಂದೇ ಬಹಳ ಮಂದಿ ತಿಳಿದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಪರ್ತ್‌ನ ವಿಶ್ವವಿದ್ಯಾಲಯದಲ್ಲಿದ್ದ ಫ್ರಾಂಕ್ ಪೈಕ್ ಎಂಬ ತಜ್ಞರ ಕೈಯಲ್ಲಿ ಮೈಯನ್ನು ಮತ್ತೆ ಮೊದಲಿಂದ ಕಟ್ಟಿಕೊಂಡ ಲಿಲ್ಲಿ, 1974-75ರ ಆ್ಯಶಸ್‌ನಲ್ಲಿ 25 ವಿಕೆಟ್ ಕಿತ್ತ. ಕತ್ತರಿ ಮುಟ್ಟಿಸದೆ ಗೆದ್ದ ಬೆನ್ನು ಅದು. ಅದೇ ಲಿಲ್ಲಿ 1987ರಲ್ಲಿ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್‌ಗೆ ಗುರುವಾಗಿ ಬಂದ. ನಮ್ಮ ಜಾವಗಲ್ ಶ್ರೀನಾಥ್, ವೆಂಕಟೇಶ ಪ್ರಸಾದ್ ಹಾದುಬಂದದ್ದು ಅಲ್ಲಿಂದಲೇ.

ವೇಗದ ಬೌಲರನ ಬೆನ್ನು ಯಾಕಿಷ್ಟು ಸೋಲುತ್ತದೆ? ಬಲಗೈ ಬೌಲರ್ ಎಡಗಾಲನ್ನು ಕ್ರೀಸಿಗೆ ಊರುವ ಕ್ಷಣದಲ್ಲಿ ಮೈತೂಕದ ಹಲವು ಪಟ್ಟು ಭಾರ ನೆಲದಿಂದ ಮೇಲಕ್ಕೆ ಏರುತ್ತದೆ. ಅದೇ ಕ್ಷಣಕ್ಕೆ ಮುಂಡ ಎಡಕ್ಕೆ ವಾಲಿ, ಹಿಂದಕ್ಕೆ ಬಾಗಿ, ತಿರುಚಿಕೊಂಡಿರುತ್ತದೆ. ಈ ಮೂರೂ ಒಟ್ಟಿಗೆ ಬಂದು ಸೊಂಟದ ಕೊನೆಯ ಕಶೇರುಗಳ ಹಿಂಭಾಗದಲ್ಲಿರುವ ಒಂದು ಸಪೂರ ಎಲುಬಿನ ಮೇಲೆ ಬೀಳುತ್ತವೆ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತ ಹೋದರೆ ತುಂಡಾಗುವ ಹಾಗೆ ಅದೂ ಒಂದು ದಿನ ಸೀಳುತ್ತದೆ. ಬಲಗೈಯವರಿಗೆ ಸಾಮಾನ್ಯವಾಗಿ ಎಡಬದಿಗೇ. ಇಪ್ಪತ್ತರ ಆಚೆಗೂ ಆ ಎಲುಬು ಗಟ್ಟಿಯಾಗುತ್ತಲೇ ಇರುವುದರಿಂದ ಹದಿನೆಂಟರ ಹುಡುಗನಿಗೆ ಅಪಾಯ ಹೆಚ್ಚು. ಪ್ಯಾಟ್ ಕಮಿನ್ಸ್ 2011ರ ನವೆಂಬರಿನಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ ಮೊದಲ ಟೆಸ್ಟ್ ಆಡಿದ. ಎರಡನೆಯದು ಆಡಿದ್ದು 2017ರ ಮಾರ್ಚಿನಲ್ಲಿ, ನಮ್ಮ ರಾಂಚಿಯಲ್ಲಿ. ನಡುವಿನ ಐದು ವರ್ಷ ಎಲುಬು ಬಲಿಯುವುದನ್ನು ಕಾಯುವುದೇ ಮುಖ್ಯ ಕೆಲಸವಾಗಿತ್ತು. ಆಸ್ಟ್ರೇಲಿಯ ಕಾಯಿತು. 2023ರಲ್ಲಿ ಅಹಮದಾಬಾದಿನಲ್ಲಿ ವಿಶ್ವಕಪ್ ಎತ್ತಿದ ನಾಯಕ ಆತನೇ ಎಂಬುದನ್ನು ನಾವು ಮರೆಯುವಂತಿಲ್ಲ.

ಡಿಸ್ಕಿನ ಕಥೆ ಬೇರೆ. ಎರಡು ಕಶೇರುಗಳ ನಡುವಿನ ಮೆತ್ತೆ ಸವೆದು, ಒಳಗಿನ ತಿರುಳು ಹೊರಚಾಚಿ ನರವನ್ನು ಒತ್ತಿದಾಗ ಸೊಂಟದಿಂದ ಪಾದದವರೆಗೆ ಜೋಮು, ಸೆಳೆತ. ಇಂಥ ನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಟಗಾರನಿಗೆ ಆ ಕೆಲವು ವಾರಗಳೇ ಇರುವುದಿಲ್ಲ. ಅಮೆರಿಕನ್ ಫುಟ್‌ಬಾಲಿನ ಜೋ ಮೊಂಟಾನಾ 1986ರ ಸೆಪ್ಟೆಂಬರಿನಲ್ಲಿ ಡಿಸ್ಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆಟ ಬಿಡುವುದೇ ಲೇಸೆಂಬ ಸಲಹೆ ಪಕ್ಕಕ್ಕಿಟ್ಟು ನವೆಂಬರಿಗೆಲ್ಲ ಕಣಕ್ಕೆ ಬಂದ. ಮುಂದೆ ಎರಡು ಸೂಪರ್ ಬೌಲ್ ಕೂಡ ಗೆದ್ದ. ಇಂಥ ಒಂದು ಕಥೆ ಸಾವಿರ ಜನರನ್ನು ಅವಸರಕ್ಕೆ ಹಚ್ಚುತ್ತದೆ.

ಗಾಲ್ಫಿನ ಟೈಗರ್ ವುಡ್ಸ್‌ನ ಕಥೆಯನ್ನಂತೂ ನಾವು ಅರ್ಧಕ್ಕೇ ನಿಲ್ಲಿಸಿ ಹೇಳುತ್ತೇವೆ. 2014ರಲ್ಲಿ ಒಂದು, 2015ರಲ್ಲಿ ಎರಡು ಶಸ್ತ್ರಚಿಕಿತ್ಸೆ. 2017ರಲ್ಲಿ ಸೊಂಟದ ಕೊನೆಯ ಕಶೇರುವನ್ನು ಕೆಳಗಿನ ಎಲುಬಿಗೆ ಬೆಸೆದರು. ಆ ವರ್ಷದ ನವೆಂಬರಿನಲ್ಲಿ ವಿಶ್ವ ರ‍್ಯಾಂಕಿಂಗಿನಲ್ಲಿ 1,199ನೇ ಸ್ಥಾನ. 2019ರ ಏಪ್ರಿಲಿನಲ್ಲಿ ಅಗಸ್ಟಾದಲ್ಲಿ ಮಾಸ್ಟರ್ಸ್ ಗೆಲುವು. ಕಥೆ ಹೇಳುವವರು ಇಲ್ಲಿಗೆ ಪರದೆ ಎಳೆಯುತ್ತಾರೆ. ಬೆನ್ನು ಎಳೆಯಲಿಲ್ಲ. 2020, 2024ರಲ್ಲಿ ಮತ್ತೆ ಕತ್ತರಿ. 2025ರ ಅಕ್ಟೋಬರಿನಲ್ಲಿ ಡಿಸ್ಕನ್ನೇ ಬದಲಿಸಿದರು, ಅದು ಏಳನೆಯದು. ಶ್ರೇಯಸ್ ಅಯ್ಯರ್ 2023ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅದೇ ವರ್ಷದ ವಿಶ್ವಕಪ್ಪಿನಲ್ಲಿ 530 ರನ್ ಹೊಡೆದಾಗಲೂ ನಾವು ಚಪ್ಪಾಳೆ ತಟ್ಟಿ ಮುಗಿಸಿದೆವು. ಎರಡು ವರ್ಷದ ಮೇಲೆ ಅದೇ ಬೆನ್ನಿನ ಕಾರಣ ಕೊಟ್ಟು ಕೆಂಪು ಚೆಂಡಿನ ಆಟದಿಂದ ಆರು ತಿಂಗಳ ಬಿಡುವು ಕೇಳಿದ.

2023ರ ಜುಲೈನಲ್ಲಿ ಬಿಸಿಸಿಐ ಹೊರಡಿಸಿದ ವೈದ್ಯಕೀಯ ಟಿಪ್ಪಣಿಯಲ್ಲಿ ಐದು ಹೆಸರಿದ್ದವು. ಎಲ್ಲರೂ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ (ಎನ್‌ಸಿಎ) ಚೇತರಿಸಿಕೊಳ್ಳುತ್ತಿದ್ದವರು. ಅದರಲ್ಲಿ ಮೂರು ಬೆನ್ನಿನವು: ಬೂಮ್ರಾ, ಪ್ರಸಿದ್ಧ ಕೃಷ್ಣ, ಅಯ್ಯರ್. ಆಗಸ್ಟ್ 18ರಂದು ಐರ್ಲೆಂಡಿನ ಮಲಹೈಡ್‌ನಲ್ಲಿ ಮೊದಲಿಬ್ಬರೂ ಒಂದೇ ಪಂದ್ಯದಲ್ಲಿ ಮರಳಿದರು. ಬೂಮ್ರಾನ ಮೊದಲ ಚೆಂಡಿಗೆ ಬೌಂಡರಿ, ಎರಡನೆಯದಕ್ಕೆ ಸ್ಟಂಪ್ ಹಾರಿತು, ಅದೇ ಓವರಿನಲ್ಲಿ ಇನ್ನೊಂದು ವಿಕೆಟ್. ನಮ್ಮ ಪ್ರಸಿದ್ಧನದೂ ಎರಡು ವಿಕೆಟ್, ಟಿ20 ಅಂತಾರಾಷ್ಟ್ರೀಯದಲ್ಲಿ ಅವನಿಗೆ ಅದೇ ಚೊಚ್ಚಲ ಪಂದ್ಯ. ಮುಂದಿನ ವರ್ಷ ತೊಡೆಗೂ ಶಸ್ತ್ರಚಿಕಿತ್ಸೆಯಾಯಿತು ಅವನಿಗೆ. ಆದರೂ 2025ರ ಐಪಿಎಲ್‌ನಲ್ಲಿ 25 ವಿಕೆಟ್ ಪಡೆದು ಪರ್ಪಲ್ ಕ್ಯಾಪ್ ತೊಟ್ಟ. ಓವಲ್‌ನಲ್ಲಿ ಭಾರತ ಆರು ರನ್ನಿಂದ ಗೆದ್ದ ಟೆಸ್ಟಿನಲ್ಲಿ ಎಂಟು ವಿಕೆಟ್ ಅವನವು. ಕರ್ನಾಟಕದವನೆಂಬ ಪಕ್ಷಪಾತ ಬಿಟ್ಟು ನೋಡಿದರೂ, ಇಷ್ಟು ಸದ್ದಿಲ್ಲದೆ ಇಷ್ಟು ಪೂರ್ತಿಯಾಗಿ ಮರಳಿದವರು ಇತ್ತೀಚೆಗೆ ಕಡಿಮೆ.

ಬೂಮ್ರಾನಿಗೆ ಆ ಅದೃಷ್ಟ ಬಾಳಲಿಲ್ಲ. 2019ರ ಬಿರುಕು ವಿಶ್ರಾಂತಿಯಲ್ಲೇ ವಾಸಿಯಾಗಿತ್ತು. 2022ರ ತೊಂದರೆಗೆ ಕ್ರೈಸ್ಟ್‌ಚರ್ಚಿನಲ್ಲಿ ಶಸ್ತ್ರಚಿಕಿತ್ಸೆಯೇ ಆಯಿತು. ಅಷ್ಟಾದ ಮೇಲೂ 2024-25ರ ಆಸ್ಟ್ರೇಲಿಯ ಪ್ರವಾಸದಲ್ಲಿ ಅವನ ಕೈಯಿಂದ 151.2 ಓವರ್ ಹಾಕಿಸಿಕೊಂಡೆವು. 32 ವಿಕೆಟ್ ಬಂತು. ಸಿಡ್ನಿಯಲ್ಲಿ ಬೆನ್ನು ಹಿಡಿದುಕೊಂಡಿತು, ಕೊನೆಯ ಇನಿಂಗ್ಸಿನಲ್ಲಿ ಒಂದೂ ಚೆಂಡು ಹಾಕಲಾಗಲಿಲ್ಲ, ಚಾಂಪಿಯನ್ಸ್ ಟ್ರೋಫಿಯೂ ಹೋಯಿತು. ಟೈಟಾನಿಯಂ ತಂತಿಯಿಂದ ಬೆನ್ನು ಬಿಗಿಸಿಕೊಂಡು ಆಡಿ, 18 ಟೆಸ್ಟಿಗೇ ಮುಗಿಸಿದ ನ್ಯೂಜಿಲೆಂಡ್ ವೇಗಿ ಶೇನ್ ಬಾಂಡ್, ಅದೇ ಜಾಗಕ್ಕೆ ಇನ್ನೊಮ್ಮೆ ಪೆಟ್ಟಾದರೆ ಬೂಮ್ರಾನ ಆಟವೇ ಮುಗಿದೀತು ಎಂದು ಎಚ್ಚರಿಸಿದ. ಇಂಗ್ಲೆಂಡಿನಲ್ಲಿ ಐದರಲ್ಲಿ ಮೂರೇ ಟೆಸ್ಟ್ ಆಡುತ್ತೇನೆಂದು ಬೂಮ್ರಾ ಮೊದಲೇ ತಿಳಿಸಿ ಹಾಗೆಯೇ ನಡೆದುಕೊಂಡಾಗ ದೇಶಭಕ್ತಿಯ ಪಾಠ ಹೇಳಲು ಮಾತ್ರ ಎಷ್ಟೋ ಮಾಜಿಗಳು ಹುಟ್ಟಿಕೊಂಡರು. ನಮ್ಮ ಅಭಿಪ್ರಾಯದಲ್ಲಿ ಈ ಐವತ್ತು ವರ್ಷಗಳಲ್ಲಿ ಭಾರತೀಯ ಬೌಲರೊಬ್ಬ ತನ್ನ ಬೆನ್ನಿನ ಬಗ್ಗೆ ತೆಗೆದುಕೊಂಡ ಅತ್ಯಂತ ವಿವೇಕದ ನಿರ್ಧಾರ ಅದು. ಸ್ಕ್ಯಾನ್ ಸುಧಾರಿಸಿದೆ, ಶಸ್ತ್ರಚಿಕಿತ್ಸೆ ಸುಧಾರಿಸಿದೆ. ಪಂದ್ಯಗಳ ವೇಳಾಪಟ್ಟಿಯೊಂದು ವರ್ಷದಿಂದ ವರ್ಷಕ್ಕೆ ಹದಗೆಡುತ್ತಲೇ ಇದೆ.

ಇದೆಲ್ಲ ಮರಳಿ ಬಂದವರ ಲೆಕ್ಕ. ಮರಳದವರ ಹೆಸರು ಯಾವ ವೈದ್ಯಕೀಯ ಟಿಪ್ಪಣಿಯಲ್ಲೂ ಬರುವುದಿಲ್ಲ. ತಾಲ್ಲೂಕು ಮಟ್ಟದ ಹುಡುಗ ಸೊಂಟ ಹಿಡಿದುಕೊಂಡಿತೆಂದರೆ ಉಳುಕು ತೆಗೆಯುವವರ ಬಳಿಗೆ ಹೋಗುತ್ತಾನೆ, ಮುಲಾಮು ಹಚ್ಚಿಕೊಳ್ಳುತ್ತಾನೆ, ನೋವಿನ ಮಾತ್ರೆ ನುಂಗಿ ಭಾನುವಾರದ ಪಂದ್ಯ ಆಡುತ್ತಾನೆ. ದೇವನಹಳ್ಳಿ ಕಡೆಯ ಬಿಸಿಸಿಐನ ಹೊಸ ಸೆಂಟರ್ ಆಫ್ ಎಕ್ಸಲೆನ್ಸ್ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು, ಸಂತೋಷ. ಆದರೆ ಅದರ ಬಾಗಿಲು ತಟ್ಟುವ ಮೊದಲೇ ಅನೇಕ ಬೆನ್ನುಗಳು ಮುಗಿದಿರುತ್ತವೆ. ಶಾಲೆಗೆ, ಕ್ಲಬ್ಬಿಗೆ, ವಲಯದ ತಂಡಕ್ಕೆ ಒಬ್ಬನೇ ಹುಡುಗ ಆಡುವಾಗ ಒಬ್ಬೊಬ್ಬ ಕೋಚ್‌ಗೂ ತನ್ನ ಓವರ್‌ಗಳಷ್ಟೇ ಗೊತ್ತು. ವಾರಕ್ಕೆ ಒಟ್ಟು ಎಷ್ಟು ಚೆಂಡು ಹಾಕಿದ ಎಂದು ಹುಡುಗನೇ ಬರೆದಿಟ್ಟು ಮೂವರಿಗೂ ತೋರಿಸುವ ಒಂದು ನೋಟ್‌ಬುಕ್ಕನ್ನು, ನೋಂದಣಿ ಚೀಟಿಯ ಜೊತೆಗೇ, ರಾಜ್ಯ ಕ್ರಿಕೆಟ್ ಸಂಸ್ಥೆ ಮುಂದಿನ ಋತುವಿನಿಂದ ಕೊಡಬಹುದು.