ಮಸೂರದ ಭಯ ಬೇಡ, ಬ್ಯಾಟರಿಯ ಭಯ ಇರಲಿ

ಎರಡು ತಿಂಗಳ ಹಿಂದೆ ಒಂದು ಸಂಜೆ ನಿವೃತ್ತ ಶಿಕ್ಷಕರೊಬ್ಬರು ಸೊಸೆಯೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ಅರವತ್ತೆಂಟು. ರಕ್ತದೊತ್ತಡಕ್ಕೆ ಹಲವು ವರ್ಷಗಳಿಂದ ನನ್ನಲ್ಲೇ ಔಷಧಿ. ಬಟ್ಟೆಯ ಚೀಲದಿಂದ ಎಂದಿನಂತೆ ಹಳೆಯ ಚೀಟಿಗಳನ್ನು ತೆಗೆಯುತ್ತಾರೆಂದು ಕಾದರೆ, ಹೊರಗೆ ಬಂದದ್ದು ಒಂದು ಕ್ಯಾಮೆರಾ. ಕೈಗೆ ಭಾರವೆನಿಸುವ ಹಳೆಯ ಪೆಂಟಾಕ್ಸ್. ಅದರ ಮಸೂರ ತೆಳು ಚಹಾದ ಬಣ್ಣಕ್ಕೆ ತಿರುಗಿತ್ತು.

"ಡಾಕ್ಟರೇ, ಇದರಲ್ಲಿ ವಿಕಿರಣ ಇದೆಯಂತೆ. ಇಂಥವು ಮನೆಯಲ್ಲಿ ಮೂವತ್ತನಾಲ್ಕಿವೆ. ಎರಡು ವರ್ಷದ ಮಗು ಓಡಾಡುವ ಮನೆ. ಗುಜರಿಗೆ ಹಾಕಿ ಅಂದರೆ ಮಾವನವರು ಕೇಳುವುದಿಲ್ಲ. ನೀವಾದರೂ ಹೇಳಿ" ಎಂದರು ಸೊಸೆ. ಯಾರೋ ಮೊಬೈಲಿಗೆ ಕಳುಹಿಸಿದ ಸಂದೇಶವನ್ನೂ ತೋರಿಸಿದರು. ಮೇಷ್ಟ್ರು ಏನೂ ಮಾತಾಡಲಿಲ್ಲ. ಅವರ ಒತ್ತಡ ಅಂದು 170ಕ್ಕೆ 100 ಇತ್ತು. ಮಾತಾಡದೆಯೇ ಅವರ ಉತ್ತರ ನನಗೆ ಸಿಕ್ಕಿತು.

ಹಳೆಯ ಕ್ಯಾಮೆರಾಗಳನ್ನು ಕೂಡಿಡುವ ಹವ್ಯಾಸ ನಮ್ಮ ಕಡೆಯೂ ಈಗ ಹಬ್ಬುತ್ತಿದೆ. ಫಿಲ್ಮ್ ಬಿಟ್ಟು ಎಲ್ಲರೂ ಡಿಜಿಟಲ್ ಕಡೆ ಹೊರಳಿದಾಗ ಆಗ್ಫಾ ಕ್ಲಿಕ್ 3, ಯಾಶಿಕಾ, ಜೆನಿತ್‌ಗಳೆಲ್ಲ ಅಟ್ಟ ಸೇರಿದವು. ನಮ್ಮ ಮನೆಯಲ್ಲೂ ಒಂದು ಕ್ಲಿಕ್ 3 ಇತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಅಪ್ಪ ಎಣಿಸಿ ಎಣಿಸಿ ಗುಂಡಿ ಒತ್ತುತ್ತಿದ್ದರು. ಈಗ ಅಟ್ಟದಿಂದ ಇಳಿಸಿ, ಸಂತೆ ಬೀದಿ ಸುತ್ತಿ, ಒರೆಸಿ, ಎಣ್ಣೆ ಬಿಟ್ಟು, ಶಟರ್ ಮತ್ತೆ 'ಟಕ್' ಎನ್ನುವಂತೆ ಮಾಡುವವರಲ್ಲಿ ನಿವೃತ್ತರೇ ಹೆಚ್ಚು. ಅವರಿಗೆ ನನ್ನ ಪೂರ್ಣ ಬೆಂಬಲವಿದೆ. ನಿವೃತ್ತಿಯ ಮಾರನೆಯ ದಿನದಿಂದ ಟೀವಿ ಮುಂದೆ ಕುಳಿತು, ಸಕ್ಕರೆ ಕಾಯಿಲೆಯನ್ನೂ ಮನೆಯವರ ಮೇಲೆ ಸಿಡುಕುವ ಚಾಳಿಯನ್ನೂ ಒಟ್ಟಿಗೆ ಬೆಳೆಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೆರಳಿಗೆ, ಕಣ್ಣಿಗೆ, ನೆನಪಿಗೆ ಕೆಲಸ ಕೊಡುವ, ಮನೆಯಿಂದ ಹೊರಗೆ ನಾಲ್ಕು ಹೆಜ್ಜೆ ನಡೆಸುವ ಯಾವ ಹವ್ಯಾಸವನ್ನೂ ಬೇಡವೆನ್ನಲು ನನಗೆ ಮನಸ್ಸಿಲ್ಲ. ಪಿಂಚಣಿಯೆಲ್ಲ ಅದಕ್ಕೇ ಸುರಿಯುವವರ ವಿಷಯ ಬೇರೆ. ಅದನ್ನು ಮನೆಯವರೇ ನೋಡಿಕೊಳ್ಳಬೇಕು.

ಈ ಹವ್ಯಾಸಕ್ಕೂ ಕಾಯಿಲೆಗೂ ಒಂದು ಹಳೆಯ ನಂಟಿದೆ. ಜರ್ಮನಿಯ ವೆಟ್ಜ್‌ಲಾರ್‌ನಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಜ್ ಸಂಸ್ಥೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ತಂತ್ರಜ್ಞನಿದ್ದ. ಅವನಿಗೆ ಆಸ್ತಮಾ. ಗಾಜಿನ ಫಲಕಗಳ ಭಾರೀ ಕ್ಯಾಮೆರಾವನ್ನು ಹೊತ್ತು ಗುಡ್ಡ ಹತ್ತಲು ಉಸಿರು ಸಾಲದು. ಹಾಗಾಗಿ ಸಿನಿಮಾ ಫಿಲ್ಮನ್ನೇ ಬಳಸುವ, ಕೋಟಿನ ಜೇಬಿಗೆ ಇಳಿಯುವ ಪುಟ್ಟ ಕ್ಯಾಮೆರಾವೊಂದನ್ನು 1914ರ ಹೊತ್ತಿಗೆ ಮಾಡಿಕೊಂಡ. 1925ರಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸಂಗ್ರಹಕಾರರು ಇಂದು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಕ್ಯಾಮೆರಾದ ಹಿಂದೆ ಒಬ್ಬ ಉಬ್ಬಸದ ರೋಗಿ ಇದ್ದಾನೆ ಎಂಬುದು ವೈದ್ಯನಾದ ನನಗೆ ಇಷ್ಟವಾದ ಸಂಗತಿ.

ಇನ್ನೊಬ್ಬ ರೋಗಿಯ ಕಥೆ ಹೇಳುತ್ತೇನೆ. ಬ್ಯಾಂಕಿನಿಂದ ನಿವೃತ್ತರಾದವರು. ತಮ್ಮ ಮೆಚ್ಚಿನ ಕ್ಯಾಮೆರಾದ ನೋಟಕಿಂಡಿ ಮಂಜಾಗಿದೆಯೆಂದು ಬೆಂಗಳೂರಿಗೆ ಎರಡು ಸಲ ಒಯ್ದು ಸ್ವಚ್ಛ ಮಾಡಿಸಿದರು. ಆದರೂ ಮಂಜು ಹೋಗಲಿಲ್ಲ. ರಿಪೇರಿಯವನನ್ನು ಬೈಯುತ್ತ ನನ್ನೆದುರು ಕುಳಿತಿದ್ದಾಗ, "ಎಡಗಣ್ಣಿನಿಂದ ನೋಡಿದ್ದೀರಾ?" ಎಂದು ಕೇಳಿದೆ. ನಲವತ್ತು ವರ್ಷಗಳಿಂದ ಬಲಗಣ್ಣೇ ಅಭ್ಯಾಸವಂತೆ. ಬಲಗಣ್ಣಿನಲ್ಲಿ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಯ ನಂತರ ಕ್ಯಾಮೆರಾ ತಾನಾಗಿಯೇ ಸರಿಯಾಯಿತು!

ಮೇಷ್ಟ್ರ ಸೊಸೆಯ ಪ್ರಶ್ನೆಗೆ ಬರೋಣ. ಅವರ ಮೊಬೈಲಿಗೆ ಬಂದ ಸಂದೇಶ ಪೂರ್ತಿ ಸುಳ್ಳೇನಲ್ಲ. 1940ರ ದಶಕದಿಂದ ಕೆಲವು ದಶಕಗಳ ಕಾಲ ಕೆಲವು ಮಸೂರಗಳ ಗಾಜಿಗೆ ಥೋರಿಯಂ ಆಕ್ಸೈಡ್ ಬೆರೆಸುತ್ತಿದ್ದರು. ಬೆಳಕನ್ನು ಚೆನ್ನಾಗಿ ಬಗ್ಗಿಸುವ, ಬಣ್ಣಗಳನ್ನು ಚೆದುರಿಸದ ಗಾಜು ಅದರಿಂದ ಸಿಗುತ್ತಿತ್ತು. ಪೆಂಟಾಕ್ಸಿನ 50 ಮಿಲಿಮೀಟರಿನ ಸೂಪರ್ ಟಾಕುಮಾರ್, ಕೊಡಾಕಿನ ಏರೋ ಎಕ್ಟಾರ್ ಇವಕ್ಕೆ ಹೆಸರಾದವು. ಥೋರಿಯಂ ವಿಕಿರಣಶೀಲ ಧಾತು, ನಿಜ. ವರ್ಷಗಳು ಕಳೆದಂತೆ ಗಾಜು ಹಳದಿಯಾಗುವುದು ಇದರಿಂದಲೇ; ಕೆಲವು ದಿನ ಬಿಸಿಲಿಗಿಟ್ಟರೆ ಆ ಬಣ್ಣ ಇಳಿಯುತ್ತದೆ.

ಆದರೆ ಎಷ್ಟು ವಿಕಿರಣ? ನಮ್ಮ ಅಜ್ಜಂದಿರ ಕಾಲದ ಮದುವೆ ಚಪ್ಪರಗಳಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲಿನಲ್ಲಿ ಇದ್ದದ್ದೂ ಇದೇ ಥೋರಿಯಂ. ಮಸೂರದಲ್ಲಿ ಅದು ಗಾಜಿನೊಳಗೇ ಬಂಧಿಯಾಗಿರುತ್ತದೆ. ಹೊರಸೂಸುವ ಆಲ್ಫಾ ಕಣಗಳಿಗೆ ಒಂದು ಹಾಳೆ ಕಾಗದವನ್ನು ದಾಟುವ ತಾಕತ್ತೂ ಇಲ್ಲ. ಬೀಟಾ, ಗಾಮಾ ಕಿರಣಗಳು ಸ್ವಲ್ಪ ಹೊರಬರುತ್ತವೆ, ಆದರೆ ದೂರ ಹೆಚ್ಚಿದಂತೆ ಬೇಗ ಕ್ಷೀಣಿಸುತ್ತವೆ. ಕಪಾಟಿನಲ್ಲಿಟ್ಟು ಆಗಾಗ ಕೈಗೆತ್ತಿಕೊಳ್ಳುವ ಮಸೂರದಿಂದ ಮನೆಯವರಿಗೆ ಅಪಾಯವೆಂದು ನಾನು ಹೇಳಲಾರೆ. ಅಂಥ ಗಾಜನ್ನು ಉಜ್ಜಿ ಪುಡಿ ಎಬ್ಬಿಸಬಾರದು, ಭೂತಗನ್ನಡಿಯಂತೆ ದಿನವೂ ಕಣ್ಣಿಗೆ ಒತ್ತಿ ಹಿಡಿಯಬಾರದು, ಒಡೆದರೆ ಚೂರುಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಇಷ್ಟು ಸಾಕು.

ಹೀಗೆಂದು ನಾನು ತೀರ್ಪು ಕೊಟ್ಟೆ. ಮೇಷ್ಟ್ರ ಮುಖ ಅರಳಿತು. ಅದೇ ಖುಷಿಯಲ್ಲಿ, "ಇದಕ್ಕೆ ಬ್ಯಾಟರಿ ಸಿಗುವುದೇ ಕಷ್ಟ ನೋಡಿ" ಎನ್ನುತ್ತ ಜೇಬಿನಿಂದ ಫಿಲ್ಮಿನ ಕಪ್ಪು ಡಬ್ಬಿಯೊಂದನ್ನು ತೆಗೆದು ಅಲ್ಲಾಡಿಸಿದರು. ಒಳಗೆ ಏಳೆಂಟು ಗುಂಡಿ ಬ್ಯಾಟರಿಗಳು ಗಿಲಗಿಲ ಎಂದವು. ಸೊಸೆ ನಕ್ಕು ಹೇಳಿದರು: "ಇದು ಮಗುವಿನ ಗಿಲಕಿ ಡಾಕ್ಟರೇ. ಇದನ್ನು ಕೊಟ್ಟರೆ ಒಂದು ಗಂಟೆ ಸುಮ್ಮನಿರುತ್ತದೆ."

ಆಗ ಹೆದರಿದವನು ನಾನು.

ಓದುಗರು ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಬೇಕು. ಗುಂಡಿ ಬ್ಯಾಟರಿ ಮಗುವಿನ ಹೊಟ್ಟೆ ತಲುಪಿದರೆ ಹೆಚ್ಚಿನ ಸಲ ಮಲದೊಂದಿಗೆ ಹೊರಬರುತ್ತದೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಕಥೆಯೇ ಬೇರೆ. ಅಲ್ಲಿನ ಒದ್ದೆ ಗೋಡೆಯ ಮೂಲಕ ವಿದ್ಯುತ್ ಹರಿಯತೊಡಗಿ, ಬ್ಯಾಟರಿಯ ಋಣ ಧ್ರುವದ ಬಳಿ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತದೆ. ಬ್ಯಾಟರಿ ಸೋರಬೇಕಾಗಿಲ್ಲ, ಒಡೆಯಬೇಕಾಗಿಲ್ಲ. ಎರಡು ಗಂಟೆಯೊಳಗೆ ಆಳವಾದ ಸುಟ್ಟಗಾಯ ಆಗಬಹುದು. ಉಸಿರುನಾಳಕ್ಕೆ ತೂತು ಬೀಳಬಹುದು, ಪಕ್ಕದ ದೊಡ್ಡ ರಕ್ತನಾಳ ಒಡೆಯಬಹುದು. ಕ್ಯಾಮೆರಾ ನಡೆಸಲು ಸಾಲದೆಂದು ತೆಗೆದಿಟ್ಟ 'ಸತ್ತ' ಬ್ಯಾಟರಿಯಲ್ಲೂ ಇಷ್ಟು ಮಾಡುವ ಶಕ್ತಿ ಉಳಿದಿರುತ್ತದೆ. ರೂಪಾಯಿ ನಾಣ್ಯದ ಹತ್ತಿರದ ಅಳತೆಯ, 20 ಮಿಲಿಮೀಟರ್ ಅಗಲದ 3 ವೋಲ್ಟಿನ ಲಿಥಿಯಂ ಬ್ಯಾಟರಿ ಎಲ್ಲಕ್ಕಿಂತ ಕೆಟ್ಟದ್ದು. ಪುಟ್ಟ ಗಂಟಲಲ್ಲಿ ಅದು ಸಿಕ್ಕಿಕೊಳ್ಳುವುದೇ ಹೆಚ್ಚು. ಮೂಗು, ಕಿವಿಯೊಳಗೆ ಸೇರಿಸಿಕೊಂಡರೂ ಇದೇ ಸುಡುವಿಕೆ.

ಕೆಲವು ವರ್ಷಗಳ ಹಿಂದೆ ಒಂದು ಮಗುವನ್ನು ನನ್ನಲ್ಲಿಗೆ ತಂದಿದ್ದರು. ಜೊಲ್ಲು ಸುರಿಯುತ್ತಿತ್ತು, ಏನು ಕೊಟ್ಟರೂ ನುಂಗುತ್ತಿರಲಿಲ್ಲ. "ನಾಣ್ಯ ನುಂಗಿದೆ, ಎರಡು ದಿನದಿಂದ ಬಾಳೆಹಣ್ಣು ತಿನ್ನಿಸುತ್ತಿದ್ದೇವೆ, ಜಾರಿ ಹೋಗುತ್ತದೆ" ಎಂದರು. ಕ್ಷ-ಕಿರಣ ಚಿತ್ರ ತೆಗೆಸಿದರೆ ದುಂಡನೆಯ ನೆರಳಿನ ಅಂಚಿನಲ್ಲಿ ಎರಡು ಬಳೆ. ನಾಣ್ಯಕ್ಕೆ ಒಂದೇ ಅಂಚು, ಬ್ಯಾಟರಿಗೆ ಎರಡು. ಆ ಮಗು ಬದುಕಿದೆ. ಆದರೆ ಅನ್ನನಾಳ ಗಾಯ ಮಾಗಿ ಕಿರಿದಾಗಿ, ಅದನ್ನು ಹಿಗ್ಗಿಸಲು ಎಷ್ಟೋ ಸಲ ಆಸ್ಪತ್ರೆಗೆ ಹೋಗಬೇಕಾಯಿತು. ಅನ್ನವನ್ನು ನುಣ್ಣಗೆ ಕಿವುಚಿಯೇ ಕೊಡಬೇಕಿತ್ತು.

ನಮ್ಮ ಮಲೆನಾಡಿನ ಊರಿನಿಂದ ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ಮಳೆಗಾಲದಲ್ಲಿ ಎರಡು ಗಂಟೆಯ ದಾರಿ. ಮನೆಯಲ್ಲಿ ಕಾಯಲು ಒಂದು ನಿಮಿಷವೂ ಇಲ್ಲ. ಮಗು ಬ್ಯಾಟರಿ ನುಂಗಿದೆಯೆಂಬ ಅನುಮಾನ ಬಂದರೂ ಸಾಕು, ಹೊರಡಿ. ವಾಂತಿ ಮಾಡಿಸಬೇಡಿ. ಬಾಳೆಹಣ್ಣು, ಅನ್ನದ ಮುದ್ದೆ ಬೇಡವೇ ಬೇಡ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಲು ಸಾಧ್ಯವಿದ್ದು, ಬ್ಯಾಟರಿ ನುಂಗಿ ಹನ್ನೆರಡು ಗಂಟೆ ಆಗಿರದಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಿಕ್ಕ ಚಮಚ ಜೇನುತುಪ್ಪ ಕೊಡಬಹುದು. ಆರು ಸಲಕ್ಕಿಂತ ಹೆಚ್ಚು ಬೇಡ. ಅದು ಸುಡುವಿಕೆಯನ್ನು ತುಸು ತಡೆಯುತ್ತದೆ, ಚಿಕಿತ್ಸೆಯಲ್ಲ. ಜೇನು ಹುಡುಕುತ್ತ ಹೊತ್ತು ಕಳೆಯಬೇಡಿ. ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು. ಸಾಧ್ಯವಾದರೆ ಅದೇ ಬಗೆಯ ಇನ್ನೊಂದು ಬ್ಯಾಟರಿಯನ್ನು ಜೊತೆಗೆ ಒಯ್ಯಿರಿ.

ಮೇಷ್ಟ್ರ ಡಬ್ಬಿಯಲ್ಲಿದ್ದವುಗಳಲ್ಲಿ ಮೂರು ಪಾದರಸದ ಬ್ಯಾಟರಿಗಳು. ಯಾಶಿಕಾ ಮ್ಯಾಟ್ 124 ಜಿ ಮುಂತಾದವುಗಳ ಬೆಳಕುಮಾಪಕ 1.35 ವೋಲ್ಟಿನ ಈ ಬ್ಯಾಟರಿಗೆಂದೇ ಮಾಡಿದ್ದು. ಪಾದರಸದ ವಿಷದಿಂದಾಗಿ ಇವುಗಳ ತಯಾರಿಕೆಯನ್ನು ದೇಶದೇಶಗಳು ನಿಲ್ಲಿಸಿದವು. ಅಮೆರಿಕದ ಕಾನೂನು ಬಂದದ್ದು 1996ರಲ್ಲಿ. ಹಾಗಾಗಿ ಸಂಗ್ರಹಕಾರರು ಇವನ್ನು ಚಿನ್ನದ ಗುಂಡಿಗಳಂತೆ ಕಾಪಾಡುತ್ತಾರೆ. ಈ ಮೋಹ ಬಿಡಿ ಎನ್ನುತ್ತೇನೆ. ಶ್ರವಣಯಂತ್ರಕ್ಕೆ ಹಾಕುವ 675 ಅಂಕಿಯ ಸತು-ಗಾಳಿ ಬ್ಯಾಟರಿ ಸುಮಾರು 1.4 ವೋಲ್ಟ್ ಕೊಡುತ್ತದೆ. ಸುತ್ತ ಒಂದು ಸಣ್ಣ ಬಳೆ ಕೂರಿಸಿ ಎಷ್ಟೋ ಜನ ಅದನ್ನೇ ಬಳಸುತ್ತಾರೆ. ಅದೂ ಮಗುವಿನ ಕೈಗೆ ಸಿಗಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಹೊಸದಾಗಿ ಶುರು ಮಾಡುವವರಿಗೆ, ಅದರಲ್ಲೂ ಮೊಮ್ಮಕ್ಕಳಿರುವ ಮನೆಯವರಿಗೆ, ಬ್ಯಾಟರಿಯೇ ಬೇಡದ ಕ್ಯಾಮೆರಾಗಳು ಬೇಕಾದಷ್ಟಿವೆ. ಕ್ಲಿಕ್ 3ಕ್ಕೆ ಬೇಡ. ಒಲಿಂಪಸ್ ಟ್ರಿಪ್ 35ಕ್ಕೂ ಬೇಡ, ಅದು ಬೆಳಕಿನಿಂದಲೇ ಕೆಲಸ ಮಾಡುತ್ತದೆ.

ಉಳಿದ ಎರಡು ಮಾತು ಬೇಗ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವುದು ನಮ್ಮ ಕಡೆಯ ಶಾಪ. ಅದಕ್ಕೆಂದು ಕಪಾಟಿನ ತುಂಬ ನುಸಿಗುಳಿಗೆ ಸುರಿಯುವವರಿದ್ದಾರೆ. ನುಸಿಗುಳಿಗೆಯ ನ್ಯಾಫ್ತಲೀನ್ ತೇವ ಹೀರುವುದಿಲ್ಲ. ಮಕ್ಕಳು ಮಿಠಾಯಿಯೆಂದು ನುಂಗಿದರೆ, ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಗುವಿನಲ್ಲಿ ರಕ್ತಕಣಗಳು ಒಡೆದು ಜೀವಕ್ಕೇ ಸಂಚಕಾರ ಬರಬಹುದು. ತೇವಕ್ಕೆ ಸಿಲಿಕಾ ಜೆಲ್ ಇದೆ, ಬೆಳಕಿದೆ, ಗಾಳಿಯಿದೆ. ಬೂಷ್ಟು ಹಿಡಿದ ಚರ್ಮದ ಚೀಲವನ್ನು ಆಸ್ತಮಾ ಇರುವವರು ಮೂಗಿನ ಹತ್ತಿರ ಕೊಡವಬಾರದು. ಇನ್ನು ಹಳೆಯ ಎಲೆಕ್ಟ್ರಾನಿಕ್ ಫ್ಲಾಶ್. ಬ್ಯಾಟರಿ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರೊಬ್ಬರು ಸ್ಕ್ರೂಡ್ರೈವರ್ ಹಿಡಿದು ಅದನ್ನು ಬಿಚ್ಚಲು ಕುಳಿತಿದ್ದರೆಂದು ಕೇಳಿ ನನ್ನ ಎದೆಯೇ ಒಂದು ಬಡಿತ ತಪ್ಪಿತು.

ಮೇಷ್ಟ್ರು ಕಳೆದ ವಾರ ಮತ್ತೆ ಬಂದಿದ್ದರು. ಒತ್ತಡ 138ಕ್ಕೆ 84. ಮೂವತ್ತನಾಲ್ಕು ಕ್ಯಾಮೆರಾಗಳ ಹೊಟ್ಟೆಯನ್ನೂ ಬಿಚ್ಚಿ ನೋಡಿದರಂತೆ. ಮರೆತುಹೋಗಿದ್ದ ಹನ್ನೊಂದು ಬ್ಯಾಟರಿಗಳು ಸಿಕ್ಕವು, ಅವುಗಳಲ್ಲಿ ನಾಲ್ಕು ಸೋರಿ ಹಸಿರು ಪುಡಿ ಕಟ್ಟಿದ್ದವು. ಎಲ್ಲವಕ್ಕೂ ಎರಡೂ ಬದಿಗೆ ಟೇಪು ಸುತ್ತಿ ಗಾಜಿನ ಭರಣಿಯಲ್ಲಿಟ್ಟು ಬೀಗ ಹಾಕಿದ್ದಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಇವನ್ನು ಮನೆಕಸದೊಂದಿಗೆ ಬೆರೆಸುವಂತಿಲ್ಲ. ಸಂಗ್ರಹ ಕೇಂದ್ರವಿರುವ ಊರಿಗೆ ಮುಂದಿನ ಸಲ ಹೋದಾಗ ಒಯ್ಯುತ್ತಾರಂತೆ. ಮಗುವಿಗೆ ಚನ್ನಪಟ್ಟಣದ ಮರದ ಗಿಲಕಿ ತಂದುಕೊಟ್ಟಿದ್ದಾರೆ. ಮೊದಲ ಎರಡು ದಿನ ಮಗು ಅದನ್ನು ಎಸೆದು, ಕಪ್ಪು ಡಬ್ಬಿಯೇ ಬೇಕೆಂದು ಅತ್ತಿತಂತೆ.