ಭರ್ಜಿಗೆ ಮಣಿದ ಜರ್ಮನ್ ತೋಪು

ನಳದುರ್ಗದ ಬುರುಜನ್ನು ಏರಿದ ಮಕ್ಕಳಿಗೆ ತೋಪು ಎಂದರೆ ಕದಲದೆ ಬಿದ್ದಿರುವ ಲೋಹದ ಭಾರ. ಮೊದಲನೆಯ ಮಹಾಯುದ್ಧದ ಜರ್ಮನ್ ತೋಪು ಹಾಗಲ್ಲ. ಆರು ಕುದುರೆಗಳು ರಣರಂಗಕ್ಕೆ ಎಳೆದೊಯ್ಯುತ್ತಿದ್ದ, ಗಾಲಿಗಳ ಮೇಲಿನ ಆಯುಧವದು.

77 ಮಿಲಿಮೀಟರ್ ಬಾಯಿಯ ಈ ತೋಪು ಜರ್ಮನ್ ಸೈನ್ಯವನ್ನು ಸೇರಿದ್ದು 1896ರಲ್ಲಿ. ಆಗ ಅದರಲ್ಲೊಂದು ದೊಡ್ಡ ಕೊರತೆಯಿತ್ತು. ಗುಂಡು ಹಾರಿದೊಡನೆ ಇಡೀ ತೋಪು ಹಿಂದಕ್ಕೆ ಜಿಗಿಯುತ್ತಿತ್ತು. ಪ್ರತಿ ಸಲವೂ ಗುರಿಯನ್ನು ಹೊಸದಾಗಿ ಹಿಡಿಯಬೇಕಾಗಿತ್ತು. ಮರುವರ್ಷವೇ ಫ್ರಾನ್ಸ್, ನಳಿಗೆಯಷ್ಟೇ ಹಿಂದೆ ಸರಿದು ತಾನಾಗಿ ಮುಂದಕ್ಕೆ ಮರಳುವ ತೋಪನ್ನು ರೂಪಿಸಿತು. ಜರ್ಮನರು ತಮ್ಮ ತೋಪುಗಳನ್ನು ಅದೇ ಬಗೆಯಲ್ಲಿ ಮರುನಿರ್ಮಿಸಿದರು. ಅವು ಸುಮಾರು 7 ಕಿಲೋಗ್ರಾಂ ತೂಕದ ಸಿಡಿಗುಂಡನ್ನು ಮೈಲುಗಟ್ಟಲೆ ದೂರಕ್ಕೆ ಎಸೆಯಬಲ್ಲವಾಗಿದ್ದವು. ಆದರೂ ಒಂದು ಮಿತಿ ಉಳಿಯಿತು. ನಳಿಗೆ ಎಡಬಲಕ್ಕೆ ಕೆಲವೇ ಡಿಗ್ರಿ ಹೊರಳುತ್ತಿತ್ತು. ಪಕ್ಕದಿಂದ ಬಂದವನತ್ತ ತಿರುಗಿಸಬೇಕಾದರೆ ತೋಪಿನ ಬಾಲವನ್ನೇ ಎತ್ತಿ ಸರಿಸಬೇಕಾಗಿತ್ತು.

ಯುದ್ಧದಲ್ಲಿ ಜರ್ಮನಿಯ ಮಿತ್ರನಾಗಿದ್ದ ತುರ್ಕಿಯ ಸೈನ್ಯದಲ್ಲಿಯೂ 77 ಮಿಲಿಮೀಟರ್ ತೋಪುಗಳಿದ್ದವು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಬಂದರನ್ನು ಅವು ಕಾಯುತ್ತಿದ್ದವು. ಒಂದು ಬದಿಗೆ ಕಾರ್ಮೆಲ್ ಬೆಟ್ಟ, ಇನ್ನೊಂದು ಬದಿಗೆ ಕುದುರೆಗಳ ಕಾಲು ಹೂತುಹೋಗುವ ಕಿಶೋನ್ ಹೊಳೆ. ಎದುರು ಬಂದವರು ಭರ್ಜಿ ಹಿಡಿದ ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಸವಾರರು. ಮೈಸೂರಿನ ಒಂದು ತುಕಡಿ ಕಡಿದಾದ ಬೆಟ್ಟವನ್ನೇರಿ ತೋಪುಗಳ ಮೇಲೆರಗಿತು. ಜೋಧಪುರದ ಸವಾರರು ಕೆಳಗಿನಿಂದ ನುಗ್ಗಿದರು. ಉಳಿದ ಮೈಸೂರು ಸವಾರರು ಅವರ ಬೆನ್ನಿಗೆ ಊರನ್ನು ಹೊಕ್ಕರು. ಅಂದು ವಶವಾದ 17 ತೋಪುಗಳಲ್ಲಿ 8 ತೋಪುಗಳು 77 ಮಿಲಿಮೀಟರಿನವು. ಸೆರೆಸಿಕ್ಕವರು 1,350 ಮಂದಿ. ಗೆದ್ದವರಲ್ಲಿ ಮಡಿದವರು 8 ಮಂದಿ, ಗಾಯಗೊಂಡವರು 34. ಸತ್ತ ಕುದುರೆಗಳು 60.

ಈ ಎರಡೂ ಪಡೆಗಳಿದ್ದ ಬ್ರಿಗೇಡಿನ ಮೂರನೆಯ ಅಂಗ ಹೈದರಾಬಾದ್ ಸಂಸ್ಥಾನದ ಸವಾರಪಡೆ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಯೋಧರವೇ. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬ ಪದವೂ ಸೇರಿತು. ಉಮರಗಾ, ನಿಲಂಗಾ, ಉದಗೀರಗಳು ಅಂದು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ದಾಳಿಂಬದ ಕನ್ನಡದ ಮಗು ಆ ವೃತ್ತದ ಎದುರು ನಿಂತರೆ, ಅದರ ನೆಲವನ್ನು ಆಳಿದ ಸಂಸ್ಥಾನವೂ ಅದರ ನುಡಿಯನ್ನು ಸಲಹಿದ ಸಂಸ್ಥಾನವೂ ಅಲ್ಲಿ ಅಕ್ಕಪಕ್ಕದಲ್ಲಿವೆ.

ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ಶೌರ್ಯವೊಂದನ್ನೇ ಹೇಳಿದರೆ ಅದು ಅರ್ಧ ಕಥೆ. ತೋಪು ಒಂದು ಸಾಮ್ರಾಜ್ಯದ್ದು, ಆಜ್ಞೆ ಇನ್ನೊಂದು ಸಾಮ್ರಾಜ್ಯದ್ದು. ಊರೊಂದನ್ನು ಬಿಡಿಸಲು ಪ್ರಾಣ ತೆತ್ತವರ ಸ್ವಂತ ನಾಡು ಇನ್ನೂ ಪರರ ಕೈಯಲ್ಲಿತ್ತು. ಆ ಇನ್ನರ್ಧವನ್ನೂ ಹೇಳಿದಾಗಲೇ ಮಡಿದವರಿಗೆ ಸಲ್ಲಬೇಕಾದ ಗೌರವ ಪೂರ್ಣವಾಗಿ ಸಲ್ಲುತ್ತದೆ.